ನಿವಾಳಿಸಿ ಒಳಗೆ ಕರೆದ ಬೊಂಬೆ

ಚಿಗಳ್ಳಿಯ ಶಿವವ್ವನ ಸೊಸೆ ಸುಮಿತಾ ಆ ಶನಿವಾರ ಮುಂಡಗೋಡದಿಂದ ಬಸ್ಸಿಳಿದು ಬರುವಾಗ ಎದೆಗೆ ಒಂದು ಹಸುಗೂಸನ್ನು ಅವಚಿಕೊಂಡಿದ್ದಳು. ಮೊದಲು ನೋಡಿದವಳು ಎದುರುಮನೆಯ ಗೋದುಬಾಯಿ. ಗೋದುಬಾಯಿಯ ಕಣ್ಣಿಗೆ ಬಿದ್ದ ಸುದ್ದಿ ಯಾವತ್ತೂ ಸುದ್ದಿಯ ಒಡೆಯರಿಗಿಂತ ಮೊದಲು ಮನೆ ಮುಟ್ಟುತ್ತದೆ.

“ಶಿವಕ್ಕಾ, ನಿನ್ನ ಸೊಸಿ ಯಾರದೋ ಕೂಸು ಎತ್ತಿಕೊಂಡು ಬರಾಕತ್ತಾಳ ನೋಡು ಬಾ. ಟವೆಲ್ಲಿನಾಗ ಸುತ್ಯಾಳ.”

ಶಿವವ್ವ ರೊಟ್ಟಿ ಬಡಿಯುತ್ತಿದ್ದಳು. ಸೊಸೆಯದು ಆಶಾ ಕೆಲಸ. ಬಸುರಿ ಬಾಣಂತಿಯರ ಮನೆ ಮನೆ ತಿರುಗುವವಳು. ಯಾವ ತಾಯಿಗೆ ಏನಾಯಿತೋ, ಕೂಸನ್ನು ಯಾರು ಕೈಗೆ ಕೊಟ್ಟರೋ, ಅದೆಲ್ಲ ಆಮೇಲೆ ಕೇಳಿದರಾಯಿತು. ಬಾಗಿಲಿಗೆ ಬಂದ ಹಸುಗೂಸನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವ ಮನೆ ಅದಲ್ಲ. ಹಿಟ್ಟಿನ ಕೈಯಲ್ಲೇ ಒಂದು ತಂಬಿಗೆ ನೀರು, ಒಂದು ರೊಟ್ಟಿ ಹಿಡಿದು ಹೊಸ್ತಿಲಿಗೆ ಓಡಿದಳು.

“ಅಲ್ಲೇ ನಿಂದರು. ದಾಟಬ್ಯಾಡ.”

“ಅತ್ತಿ, ಇದು—”

“ಆಮ್ಯಾಲೆ ಹೇಳಂತಿ. ಮೊದಲ ನಿವಾಳಸ್ತೇನಿ.”

ರೊಟ್ಟಿಯನ್ನು ಮುರಿದು ಕೂಸಿನ ಮೇಲಿಂದ ಸುತ್ತು ತಂದು ಎಡಕ್ಕೊಂದು ಬಲಕ್ಕೊಂದು ಎಸೆದಳು. ಸೊಸೆಯ ಕಾಲಿಗೆ ನೀರು ಸುರಿದಳು. “ಬಾ ನಮ್ಮವ್ವ, ಒಳಗ ಬಾ,” ಎಂದು ಎರಡೂ ಕೈ ಚಾಚಿ ಎತ್ತಿಕೊಂಡಳು. ಫೋನು, ಆಂಬುಲೆನ್ಸು ಬರುವ ತನಕ ಅವಳೇ ಊರಿನ ಸೂಲಗಿತ್ತಿಯಾಗಿದ್ದಳು. ತೋಳಿಗೆ ತೂಕ ಬಿದ್ದ ಕೂಡಲೇ ಅದು ಹುಟ್ಟಿ ಒಂದು ದಿನವೂ ಆಗದ್ದು ಅಂತ ತಿಳಿಯಿತು. ಮೈ ಬೆಚ್ಚಗಿತ್ತು. ತಲೆ ಹಿಂದಕ್ಕೆ ವಾಲಿ ಮೊಣಕೈಯ ಗುಳಿಯಲ್ಲಿ ತಾನೇ ಜಾಗ ಮಾಡಿಕೊಂಡು ಕೂತಿತು. ಟವೆಲ್ಲಿನ ಸೆರಗು ಸರಿಸಿದಳು. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ಉಸಿರಿರಲಿಲ್ಲ.

“ಸತ್ತದ್ದನ್ನ ತಂದೀಯೇನ, ಸುಮಿ?” ಎಂದು ಮೆಲ್ಲಗೆ ಕೇಳಿದಳು.

“ಬೊಂಬಿ ಅತ್ತಿ, ರಬ್ಬರಿಂದು. ಉಸಿರು ಬಾರದ ಕೂಸಿಗೆ ಉಸಿರು ಹೆಂಗ ಹಾಕೂದು ಅಂತ ಕಲಿಯಾಕ ಕೊಟ್ಟಾರ. ತೂಕ ಬರ್ಲಿ ಅಂತ ಕ್ಲಾಸಿನಾಗ ಬಿಸಿನೀರು ತುಂಬಿದ್ವಿ. ಚೆಲ್ಲೂದು ಮರ್ತೆ. ಬಸ್ಸಿನಾಗ ಸೀಟು ಸೈತ ಬಿಟ್ಟುಕೊಟ್ರು ನೋಡ್ರಿ ನನಗ.”

ಗೋದುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವವ್ವ ನಗಲಿಲ್ಲ. ನಿವಾಳಿಸಿದ ರೊಟ್ಟಿಯನ್ನು ಅಷ್ಟರಲ್ಲಿ ಬೀದಿನಾಯಿ ತಿಂದು ಮುಗಿಸಿತ್ತು. ಕಾಲಿಗೆ ಹಾಕಿದ ನೀರನ್ನು ನೆಲ ಕುಡಿದಿತ್ತು. ಆದ ಶಾಸ್ತ್ರ ಆಗಿಹೋಗಿತ್ತು.

ಊಟಕ್ಕೆ ಕೂತಾಗ ಜಗಳ ಹತ್ತಿತು. ಮಗ ರುದ್ರೇಶ ಟೆಂಪೋ ನಿಲ್ಲಿಸಿ ಆಗಷ್ಟೇ ಬಂದಿದ್ದ. ಮಗಳು ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರು ತುಂಬುತ್ತ ಬಂದಿತ್ತು. ಬೊಂಬೆ ಅಕ್ಕಿಚೀಲದ ಮೇಲೆ ಮಲಗಿತ್ತು.

“ಮನಿಯಾಗ ತುಂಬಿದ ಬಸುರಿ ಅದಾಳ,” ಎಂದಳು ಶಿವವ್ವ, ಗಂಡನ ತಾಟಿಗೆ ಪುಂಡಿಪಲ್ಯ ಬಡಿಸುತ್ತ. “ಉಸಿರಿಲ್ಲದ ಕೂಸನ್ನ ಆಕಿ ಕಣ್ಣ ಮುಂದ ಮಲಗಸ್ತಾರೇನು ಯಾರರ?”

“ಇರ್ಲಿ ಬಿಡ,” ಎಂದ ಗಂಡ ಉಳವಪ್ಪ. “ಉಣ್ಣೂದಿಲ್ಲ, ಉಚ್ಚಿ ಹೊಯ್ಯೂದಿಲ್ಲ. ಇಂಥಾ ಮೊಮ್ಮಗ ಯಾರಿಗೆ ಸಿಗ್ತಾನ.”

“ಯಪ್ಪಾ, ನೀ ಸುಮ್ನಿರು,” ಎಂದ ರುದ್ರೇಶ. “ಸುಮಿತಾ, ಸೋಮಾರ ಮುಂಡಗೋಡಕ್ಕ ಗೋವಿನಜೋಳ ಹೇರಕೊಂಡು ಹೊಂಟೇನಿ. ಇದನ್ನೂ ಒಯ್ದು ಕೊಟ್ಟು ಬರ್ತೇನಿ.”

“ಕೊಡ್ರಿ. ಅದರ ಜೋಡಿ ನನ್ನ ಹೆಸರೂ ಕೊಟ್ಟು ಬರ್ರಿ,” ಎಂದಳು ಸುಮಿತಾ. “ಹಳಿಯಾಳ, ಜೋಯಿಡಾ, ಮುಂಡಗೋಡ, ಮೂರು ತಾಲೂಕಿನಾಗ ಆರಿಸಿ ಕರದಾರ. ಮನಿಯಾಗ ದಿನಾ ಕೈ ಕೂಡ್ಸಬೇಕು, ತಿಂಗಳ ಕೊನಿ ಶನಿವಾರ ಪರೀಕ್ಷಿ. ಪಾಸಾದವ್ರನ್ನ ಈ ಕ್ಲಾಸು ನಡಸೂ ಟ್ರಸ್ಟಿನವ್ರ ನರ್ಸಿಂಗಿಗೆ ಕಳಸ್ತಾರ. ಪೀಯುಸಿ ಮುಗಿಸಿ ಈ ಮನಿಗೆ ಬಂದಾಕಿ ನಾ, ಮತ್ತ ಕಲೀತೇನಿ ಅಂದಾಗೆಲ್ಲ ಆಗಲಿ ಆಗಲಿ ಅಂದ್ರಿ. ಈಗ ಆಗೇತಿ.”

ಶಾಂತಾ ಕೈ ತೊಳೆದುಕೊಂಡು ಅಕ್ಕಿಚೀಲದ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಚೆಂದ ಐತಲ್ಲ ವೈನಿ,” ಎಂದಳು ಅತ್ತಿಗೆಗೆ. “ಯವ್ವಾ, ನನಗೇನ ಹೆದರಿಕಿ ಇಲ್ಲ.”

ಮಗಳು ಹೆದರಿದ್ದರೆ ಶಿವವ್ವನಿಗೆ ಸಮಾಧಾನ ಆಗುತ್ತಿತ್ತು.

ಮರುದಿನದಿಂದ ಸುಮಿತಾಳ ಅಭ್ಯಾಸ ಶುರುವಾಯಿತು. ಮಧ್ಯಾಹ್ನ ಪಾತ್ರೆ ತಿಕ್ಕಿ, ಬಟ್ಟೆ ಒಣಹಾಕಿ, ಪಡಸಾಲೆಯಲ್ಲಿ ಚಾಪೆ ಹಾಸಿ ಬೊಂಬೆಯನ್ನು ಮಲಗಿಸಿಕೊಳ್ಳುವಳು. ಮೊದಲು ಒರೆಸುವುದು, ಬೆನ್ನು ತಿಕ್ಕುವುದು. ಆಮೇಲೆ ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕು ಒತ್ತಿ ಹಿಡಿದು ಅದಕ್ಕೆ ಅಂಟಿದ ಗಾಳಿಚೀಲವನ್ನು ಹಿಚುಕುವುದು. ಫಸ್ಸ್ ಎಂದಾಗ ಬೊಂಬೆಯ ಎದೆ ಏಳುತ್ತಿತ್ತು. ಬಿಟ್ಟಾಗ ಇಳಿಯುತ್ತಿತ್ತು. ಶಿವವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತರೆ ಅದು ಬರೀ ಸದ್ದಾಗಿ ಕೇಳುತ್ತಿತ್ತು: ಫಸ್ಸ್, ಸುಮ್ಮನೆ, ಫಸ್ಸ್, ಸುಮ್ಮನೆ. ಮನೆಯಲ್ಲಿ ಮತ್ತೊಬ್ಬರು ಮಲಗಿ ಉಸಿರಾಡುತ್ತಿರುವಂತೆ.

ಬುಧವಾರ ಸಂಜೆ ಸುಮಿತಾ ಲಸಿಕೆಯ ಕೆಲಸ ಮುಗಿಸಿ ಬಂದಳು. ದೇವರ ಕೋಣೆಯ ಮುಂದೆ ಮಣೆಯ ಮೇಲೆ ಬೊಂಬೆ ಮಲಗಿತ್ತು. ಎಣ್ಣೆ ಹಚ್ಚಿ ಎರೆದ ಮೈ ಮಿರಿಮಿರಿ ಹೊಳೆಯುತ್ತಿತ್ತು. ಹಣೆಗೆ ಕಾಡಿಗೆ. ಪಕ್ಕದಲ್ಲಿ ದೀಪ, ಎಲೆಅಡಿಕೆ, ಒಂದು ಬಿಳಿ ಹಾಳೆ, ಹಾಳೆಯ ಮೇಲೆ ಸುಮಿತಾಳದೇ ಪೆನ್ನು. ಕೂಸು ಹುಟ್ಟಿದ ಐದನೆಯ ದಿನ ಶೆಟಗೆವ್ವ ಬಂದು ಅದರ ಹಣೆಬರಹ ಬರೆಯುತ್ತಾಳೆ. ಅವಳಿಗೆ ಇಡುವ ಪೂಜೆ ಅದು. ಬೊಂಬೆ ಮನೆಗೆ ಬಂದು ಅಂದಿಗೆ ಐದು ದಿನ.

“ಅತ್ತಿ, ಏನಿದು? ಟ್ರಸ್ಟಿನವ್ರ ಸಾಮಾನ ಇದು.”

“ಸಾಮಾನಕ್ಕ ಯಾರರ ನಿವಾಳಸ್ತಾರೇನು? ನಾ ಕರದೇನಿ, ಅದು ಒಳಗ ಬಂದೈತಿ. ಕರದ ಮ್ಯಾಲೆ ಬರಸಬೇಕು.”

“ಬರಸದಿದ್ರ?”

“ಬರಸದಿದ್ರ ಅದು ಇನ್ನೊಬ್ಬರ ಹಣಿಬರಹ ಬೇಡತೈತಿ.” ಶಿವವ್ವ ಬತ್ತಿ ಮುಂದಕ್ಕೆ ತಳ್ಳಿದಳು. “ಈ ಮನಿಯಾಗ ಬರಿಯದ ಹಣಿ ಇನ್ನೊಂದು ಯಾವುದೈತಿ, ನೀನ ಹೇಳು.”

ಸುಮಿತಾ ತಿರುಗಿ ನೋಡಿದಳು. ನಡುಮನೆಯಲ್ಲಿ ಶಾಂತಾ ಗೋಡೆಗೊರಗಿ ಕಾಲು ಚಾಚಿ ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದಳು.

“ಮತ್ತೊಂದ ಮಾತು,” ಎಂದಳು ಶಿವವ್ವ. “ಶಾಂತಾನ ಕೂಸು ಹುಟ್ಟಿ ಅಳೂತನಾ ಇದು ಹೊಸ್ತಿಲಾ ದಾಟೂ ಹಂಗಿಲ್ಲ. ಅಳದ ಕೂಸು ಮನಿಯಿಂದ ಹೊರಗ ಹ್ವಾದ್ರ ಅದಕ್ಕೇನಂತಾರ ಅನ್ನೂದು ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ಬರೂ ಕೂಸಿಗೆ ಅದ ದಾರಿ ತೋರಿಸಿದಂಗ ಆಕ್ಕೈತಿ.”

“ಪರೀಕ್ಷಿ ಹೆರಿಗಿಕಿಂತ ಮುಂಚೇನ ಐತಿ. ಅವತ್ತ ಒಯ್ದು ಒಪ್ಪಸಬೇಕ್ರಿ.”

“ಅವತ್ತಿಂದು ಅವತ್ತ.”

ರುದ್ರೇಶ ಇಬ್ಬರ ನಡುವೆ ಸಿಕ್ಕು ಹಣ್ಣಾದ. ತಾಯಿ ಚಹಾ ಕೊಟ್ಟರೆ ಹೆಂಡತಿ ಮುಖ ತಿರುವುವಳು, ಹೆಂಡತಿ ಬುತ್ತಿ ಕಟ್ಟಿದರೆ ತಾಯಿ “ಉಪ್ಪು ಹಾಕ್ಯಾಳೇನು ನೋಡ್ಕೋ” ಎನ್ನುವಳು. ಉಳವಪ್ಪ ಒಬ್ಬನೇ ಬೊಂಬೆಯ ಜೊತೆ ಸರಾಗವಾಗಿದ್ದ. ಹೊಲಕ್ಕೆ ಹೋಗುವಾಗ “ಬರ್ತೇನಪಾ” ಎಂದು ಅದಕ್ಕೂ ಹೇಳಿ ಹೋಗುತ್ತಿದ್ದ.

ದಿನ ಕಳೆದಂತೆ ಒಂದು ವಿಚಿತ್ರ ಶುರುವಾಯಿತು. ಸುಮಿತಾ ಬೊಂಬೆಯನ್ನು ಅಕ್ಕಿಚೀಲದ ಮೇಲೆ ಮುಖ ಬಾಗಿಲ ಕಡೆ ಮಾಡಿ ಮಲಗಿಸಿ ಹೋಗುವಳು. ಶಿವವ್ವ ಹಿತ್ತಲಿಂದ ಬರುವಷ್ಟರಲ್ಲಿ ಅದರ ಮುಖ ಶಾಂತಾ ಮಲಗುವ ಕೋಣೆಯ ಕಡೆ ತಿರುಗಿರುತ್ತಿತ್ತು. ಶಿವವ್ವ ತಿರುಗಿಸುವಳು. ಮತ್ತೆ ನೋಡಿದರೆ ಆ ಕಡೆಗೇ.

“ನೀವ ಹೊಳ್ಳಿಸಿದ್ರೇನು?” ಎಂದು ಗಂಡನನ್ನು ಕೇಳಿದಳು.

“ನನಗ ನನ್ನ ಮಗ್ಗಲಾ ಬದಲ್ಸಾಕ ಆಗೂದಿಲ್ಲ. ಅದನ್ನೇನು ಹೊಳ್ಳಸ್ಲಿ?”

ಶಾಂತಾ ತಾನಲ್ಲ ಎಂದಳು. ಸುಮಿತಾ ಮನೆಯಲ್ಲೇ ಇರಲಿಲ್ಲ. ಶಿವವ್ವ ಅಕ್ಕಿಚೀಲವನ್ನೇ ಸರಿಸಿ ಬೇರೆ ಮೂಲೆಗೆ ಇಟ್ಟಳು.

ಕೊನೆಯ ವಾರದ ಒಂದು ಮಧ್ಯಾಹ್ನ. ಸುಮಿತಾ ಇಂದೂರಕ್ಕೆ ಮೀಟಿಂಗಿಗೆ ಹೋಗಿದ್ದಳು. ಬಿಸಿಲು ಬಿಳಿಚಿತ್ತು, ಬೀದಿಯಲ್ಲಿ ಕೋಳಿಯ ಸದ್ದೂ ಇರಲಿಲ್ಲ. ಶಿವವ್ವ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಒಳಗಿನಿಂದ ಫಸ್ಸ್ ಎಂದಿತು. ಕೈ ನಿಂತಿತು. ಮತ್ತೆ ಫಸ್ಸ್. ಸೊಸೆ ಊರಲ್ಲಿಲ್ಲ ಅಂತ ನೆನಪಾಯಿತು. ಎದ್ದು ಹೋಗಿ ಕೋಣೆಯ ಬಾಗಿಲಲ್ಲಿ ನಿಂತಳು.

ಶಾಂತಾ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಹೊಟ್ಟೆಗೆ ತಾಗಿಸಿ ಬೊಂಬೆ. ಒಂದು ಕೈ ಮಾಸ್ಕಿನ ಮೇಲೆ, ಇನ್ನೊಂದು ಗಾಳಿಚೀಲದ ಮೇಲೆ. ಕಣ್ಣು ಮುಚ್ಚಿತ್ತು.

“ಏನ ಮಾಡಾಕತ್ತೀಯವಾ?”

“ಉಸಿರು ಹಾಕಾಕತ್ತೇನಿ.” ಶಾಂತಾ ಕಣ್ಣು ತೆರೆಯಲಿಲ್ಲ. “ಇದಕ್ಕ ಹಾಕಿದ್ರ ನನ್ನ ಕೂಸು ಹೊರಳ್ತೈತಿ ಯವ್ವಾ. ಇಲ್ಲಂದ್ರ ಹೊರಳವಲ್ದು. ಮೊದಲೆಲ್ಲ ಒದ್ದು ಒದ್ದು ಮಲಗಾಕ ಬಿಡ್ತಿರಲಿಲ್ಲ. ಈಗ ಇದರ ಉಸಿರು ಕಾಯ್ತೈತಿ.”

“ಎಂದಿನಿಂದ?”

“ಸೋಮಾರದಿಂದ ಅನಸ್ತೈತಿ.”

ಶಿವವ್ವ ಬಾಗಿಲಿಗೆ ಕೈ ಕೊಟ್ಟು ನಿಂತಳು. ತಾನು ಬರೆಸಿದ್ದು ತಡವಾಯಿತೋ, ಬರೆಸಬಾರದಿತ್ತೋ. ಏನೇ ಇರಲಿ, ಬೊಂಬೆ ಮನೆಯಲ್ಲಿರುವಷ್ಟು ದಿನ ಮಗಳ ಕೂಸಿಗೆ ಉಸಿರಿದೆ ಎಂದಾಯಿತಲ್ಲ. ಸೊಸೆಗೆ ತಿಳಿದರೆ ಅವಳು ಬೊಂಬೆಯನ್ನು ಎತ್ತಿಕೊಂಡು ಹೋದಾಳು.

“ವೈನಿ ಮುಂದ ಅನಬ್ಯಾಡ,” ಎಂದಳು.

ಶಾಂತಾ ತಲೆಯಾಡಿಸಿ ಮತ್ತೆ ಹಿಚುಕಿದಳು. ಫಸ್ಸ್. ಬೊಂಬೆಯ ಎದೆ ಎದ್ದಿತು. ಶಿವವ್ವ ಮಗಳ ಹೊಟ್ಟೆಯನ್ನೇ ನೋಡುತ್ತ ನಿಂತಳು.

ಪರೀಕ್ಷೆಯ ಶನಿವಾರ ಬೆಳಿಗ್ಗೆ ಸುಮಿತಾ ಇಸ್ತ್ರಿ ಮಾಡಿದ ಸೀರೆಯುಟ್ಟು, ಜಡೆ ಹೆಣೆದು, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಬೊಂಬಿ ಕೊಡ್ರಿ ಅತ್ತಿ. ಬಸ್ಸಿನ ಹೊತ್ತಾತು.”

“ಶಾಂತಾನ ಹಂತೇಕ, ಕೋಣ್ಯಾಗ ಐತಿ. ಕೊಡಾಕ ಬರೂದಿಲ್ಲ ಅಂತ ಅಂದೇನಲ್ಲ.”

“ನಾ ಕೇಳಾಕತ್ತಿಲ್ಲರಿ, ಒಯ್ಯಾಕತ್ತೇನಿ.” ಕೋಣೆಗೆ ನಡೆದಳು. ಶಿವವ್ವ ಹಿಂದೆಯೇ ಹೋದಳು. ಹಾಲು ಉಕ್ಕಿದ ಸದ್ದಿಗೂ ತಿರುಗಲಿಲ್ಲ.

ಶಾಂತಾ ಎದ್ದು ಕೂತು ಗಾಳಿಚೀಲ ಹಿಚುಕುತ್ತಿದ್ದಳು. ಬೇಗ ಬೇಗ, ಲೆಕ್ಕವಿಲ್ಲದೆ. ಮುಖ ಬೆವತಿತ್ತು. ಬಾಗಿಲಲ್ಲಿ ಇಬ್ಬರನ್ನೂ ನೋಡಿ ತಾಯಿಗೆ ಹೇಳಿದಳು:

“ಯವ್ವಾ, ನಸುಕಿನಿಂದ ಹಾಕಾಕತ್ತೇನಿ. ಎಷ್ಟು ಹಾಕಿದ್ರೂ ಹೊರಳವಲ್ದು.”

“ಏನು ಹೊರಳವಲ್ದು?” ಎಂದಳು ಸುಮಿತಾ.

ಶಾಂತಾ ತಾಯಿಯ ಮುಖ ನೋಡಿದಳು. ಹೇಳಬೇಕಾದವಳು ಈಗ ಶಿವವ್ವ. ಹೇಳಿದಳು. ಬೊಂಬೆಗೆ ಉಸಿರು ಹಾಕಿದರೆ ಮಾತ್ರ ಕೂಸು ಹೊರಳುತ್ತಿತ್ತೆಂದು, ಸೋಮವಾರದಿಂದ ಹಾಗಿದೆಯೆಂದು, ಸೊಸೆಯ ಮುಂದೆ ಅನ್ನಬೇಡ ಅಂದವಳು ತಾನೇ ಎಂದು.

ಸುಮಿತಾ ಬೈಯಲಿಲ್ಲ. ಬೈದಿದ್ದರೆ ಶಿವವ್ವ ಎದುರುತ್ತರ ಕೊಡುತ್ತಿದ್ದಳು. ಅವಳು ಬೊಂಬೆಯನ್ನು ಎತ್ತಿ ಬದಿಗಿಟ್ಟು, ಶಾಂತಾಳನ್ನು ಎಡಮಗ್ಗುಲಿಗೆ ಮಲಗಿಸಿ, “ಅತ್ತಿ, ಬೆಲ್ಲದ ನೀರು,” ಎಂದಳು. ಕುಡಿಸಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದಳು. ಮನೆಯಲ್ಲಿ ಸೀದ ಹಾಲಿನ ವಾಸನೆ ತುಂಬಿತು.

“ಒಮ್ಮಿ ಒಂಚೂರು ಮಿಸುಕಿದಂಗಾತು,” ಎಂದಳು ಕೊನೆಗೆ. “ಸಾಲೂದಿಲ್ಲ. ಕೂಸು ಹೊರಳೂದು ಕಮ್ಮಿ ಆತಂದ್ರ ಒಳಗ ಅದಕ್ಕ ತ್ರಾಸ ಆಗಾಕತ್ತೈತಿ ಅಂತ. ಕ್ಲಾಸಿನಾಗ ಮೊದಲನೇ ದಿನಾನ ಹೇಳ್ಯಾರ. ಬೊಂಬಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ರೀ, ಟೆಂಪೋ ಚಾಲೂ ಮಾಡ್ರಿ. ಹುಬ್ಬಳ್ಳಿ ದವಾಖಾನಿಗೆ ಹೋಗೂಣು.”

“ನಿನ್ನ ಪರೀಕ್ಷಿ?” ಎಂದ ರುದ್ರೇಶ.

“ಚಾಲೂ ಮಾಡ್ರಿ ಅಂದೆ.”

ಟೆಂಪೋದ ಮುಂದಿನ ಸೀಟಿನಲ್ಲಿ ಮೂವರಿಗೆ ಮಾತ್ರ ಜಾಗ. ಅದು ತಿರುವಿನಲ್ಲಿ ಮರೆಯಾದ ಮೇಲೂ ಶಿವವ್ವ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬಂದಾಗ ಬೊಂಬೆ ಚಾಪೆಯ ಮೇಲೆ ಅಂಗಾತ ಬಿದ್ದಿತ್ತು, ಬಾಯಿ ತೆರೆದುಕೊಂಡು. ಅದಕ್ಕೊಂದು ಬಟ್ಟೆ ಹೊದಿಸಿದಳು. ಮುಖದ ಮೇಲೆ ಎಳೆಯಲು ಕೈ ಬರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಫೋನು ಬಂತು. ಸೊಸೆಯದಲ್ಲ. ತರಬೇತಿಯ ಶಬನಮ್ ಸಿಸ್ಟರದು. ಹಳಿಯಾಳ ಕಡೆಯ ಸಿದ್ದಿ ಮನೆತನದ ಹೆಣ್ಣುಮಗಳು, ಸುಮಿತಾಳ ಬಾಯಲ್ಲಿ ದಿನವೂ ಇದ್ದ ಹೆಸರು.

“ಅಜ್ಜಿ, ಸುಮಿತಾ ದಾರಿಯಾಗಿಂದ ಫೋನ್ ಮಾಡಿದ್ಲು. ಆಕಿ ಹೋಗಿದ್ದು ಸರಿ ಐತಿ. ಜೋಯಿಡಾದಾಗ ನಾಳಿಯಿಂದ ಇನ್ನೊಂದು ತಂಡ ಶುರು ಐತಿ, ಆಕಿ ಪರೀಕ್ಷಿ ಅವರ ಜೋಡಿ ಮಾಡಸ್ತೇನಿ. ಆದ್ರ ಬೊಂಬಿ ಇವತ್ತ ಸಂಜೀಗೆ ಬರಬೇಕ್ರಿ. ಎಲ್ಲಾ ಬೊಂಬಿ ಹೇರಕೊಂಡು ಗಾಡಿ ಅಲ್ಲಿಗೆ ಹೊಂಡತೈತಿ. ಒಂದು ಕಮ್ಮಿ ಆದ್ರ ಅಲ್ಲಿ ಒಬ್ಬಾಕಿ ಕೈ ಖಾಲಿ. ತಂದು ಒಪ್ಪಿಸದವರ ಹೆಸರು ಮುಂದಕ್ಕ ಹಾಕಾಕ ನನಗ ಬರೂದಿಲ್ಲ. ಯಾರನರ ಕಳಸ್ರಿ.”

ಶಿವವ್ವ ಫೋನು ಕೆಳಗಿಟ್ಟಳು. ಉಳವಪ್ಪ ಎಲ್ಲ ಕೇಳಿಸಿಕೊಂಡಿದ್ದ.

“ನಾ ಒಯ್ಯಲೇನು?” ಎಂದ.

“ಹುಬ್ಬಳ್ಳಿಯಿಂದ ಸುದ್ದಿ ಬಂದಿಲ್ಲ.”

“ಬಂದಿಲ್ಲ.”

“ಅಳದ ಕೂಸು ಹೊಸ್ತಿಲಾ ದಾಟಬಾರದು.”

“ನೀನ ಅಂದದ್ದು. ನಾ ಏನ ಹೇಳ್ಲಿ.” ಉಳವಪ್ಪನಿಗೆ ಅವತ್ತು ನಗೆಚಾಟಿಕೆ ಬರಲಿಲ್ಲ. “ಅಲ್ಲಬೇ, ಆ ಹುಡುಗಿ ಸೀರಿ ಉಟಗೊಂಡು ನಿಂತಿದ್ಲು. ನಿನ್ನ ಮಗಳ ಸಲುವಾಗಿ ಎಲ್ಲಾ ಬಿಟ್ಟು ಹ್ವಾದ್ಲು. ಒಂದು ಮಾತು ನಿನ್ನ ಬೈದ್ಲೇನು?”

ಶಿವವ್ವ ಅಡುಗೆಮನೆಗೆ ಹೋದಳು. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ನೀರು ಕಾಯುವ ಸದ್ದು ಕೇಳಿತು. ಬಂದಾಗ ಅವಳ ಕೈಯಲ್ಲಿ ಬೊಂಬೆಯಿತ್ತು; ಬಿಸಿನೀರು ತುಂಬಿ, ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ, ಎದೆಗೆ ಅವಚಿಕೊಂಡಿದ್ದಳು.

“ನೀರು ಯಾಕ ತುಂಬಿದಿ?”

“ತಣ್ಣಗಿದ್ದದ್ದನ್ನ ಒಯ್ಯಾಕ ನನ್ನ ಕೈಲೆ ಆಗೂದಿಲ್ಲ.”

“ನಾನೂ ಬರ್ಲೇನು?”

“ನಿವಾಳಿಸಿ ಒಳಗ ತಂದಾಕಿ ನಾ. ಹೊರಗ ಒಯ್ಯಾಕಿನೂ ನಾನ.”

ಹೊಸ್ತಿಲಲ್ಲಿ ಕಾಲು ಎಡವಲಿಲ್ಲ. ಹಿಂದಕ್ಕೂ ತಿರುಗಲಿಲ್ಲ. ದಾಟಿದಳು.

ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟಳು. ಪಕ್ಕದ ಹೆಂಗಸು ಟವೆಲ್ಲಿನ ಕಡೆ ಬಗ್ಗಿದಳು.

“ಮೊಮ್ಮಗೇನ್ರಿ? ಒಂದಿಷ್ಟೂ ಗದ್ದಲಿಲ್ಲ ನೋಡ್ರಿ.”

“ಅತ್ತಿಲ್ಲ ಇನ್ನೂ,” ಎಂದಳು ಶಿವವ್ವ.

ಹೆಂಗಸು ಬಗ್ಗಿದ್ದವಳು ನೆಟ್ಟಗೆ ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ಹಿಂದಿನ ಸೀಟಿಗೆ ಹೋದಳು. ಮುಂಡಗೋಡ ಬರುವಷ್ಟರಲ್ಲಿ ತೋಳಿನಲ್ಲಿದ್ದ ಬಿಸಿ ಆರುತ್ತ ಬಂದಿತ್ತು. ಶಿವವ್ವ ಸೆರಗಿನಿಂದ ಇನ್ನೊಂದು ಸುತ್ತು ಹೊದಿಸಿದಳು.

ತರಬೇತಿಯ ಹಾಲ್‌ನಲ್ಲಿ ಪರೀಕ್ಷೆ ಮುಗಿಯುತ್ತ ಬಂದಿತ್ತು. ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಗೋಡೆಯ ಬದಿಗೆ ನೀಲಿ ತಾಡಪಾಲು ಹಾಸಿ ಬೊಂಬೆಗಳನ್ನು ಸಾಲಾಗಿ ಮಲಗಿಸಿದ್ದರು. ಎಲ್ಲವಕ್ಕೂ ಅದೇ ಮುಖ, ಮುಚ್ಚಿದ ಅದೇ ಕಣ್ಣು, ತೆರೆದ ಅದೇ ಬಾಯಿ. ಸೂಲಗಿತ್ತಿಯಾಗಿದ್ದಾಗ ಅಳದ ಕೂಸುಗಳನ್ನು ಅವಳು ಒಂದೊಂದಾಗಿ ನೋಡಿದ್ದಳು, ಬೇರೆ ಬೇರೆ ವರ್ಷ, ಬೇರೆ ಬೇರೆ ಮನೆ. ಹೀಗೆ ಒಟ್ಟಿಗೆ ನೋಡಿರಲಿಲ್ಲ. ಸಾಲಿನ ತುದಿಯಲ್ಲಿ ಒಂದರಷ್ಟು ಜಾಗ ಖಾಲಿ ಬಿಟ್ಟಿದ್ದರು.

“ಬರ್ರಿ ಅಜ್ಜಿ. ನೀವ ಬಂದ್ರಾ?” ಶಬನಮ್ ಎದ್ದು ಬಂದಳು, ಕೈ ಚಾಚಿದಳು. ಶಿವವ್ವ ಕೊಡಲಿಲ್ಲ.

“ಯವ್ವಾ, ಇದನ್ನ ಅಳಸಾಕ ಬರತೈತೇನು?”

“ಬರತೈತಿ. ಅಳಸೂ ರಬ್ಬರಿನ ಗುಂಡು ಬ್ಯಾರೆ ಐತಿ. ಮನಿಗೆ ಕೊಡೂದಿಲ್ಲ, ಪರೀಕ್ಷಿಗಷ್ಟ ಹಚ್ತೇವಿ. ಯಾಕ?”

“ಅಳಸು. ಅತ್ತ ಮ್ಯಾಲೆ ಕೊಡ್ತೇನಿ.”

ಅಲ್ಲಿದ್ದ ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಶಬನಮ್ ಅವಳ ಕಡೆ ಒಂದು ನೋಟ ನೋಡಿದಳು. ಮುದುಕಿಯ ಮುಖವನ್ನೂ ನೋಡಿದಳು.

“ನಮ್ಮ ದಾದಿ, ಅಪ್ಪನ ಅವ್ವ, ಆಕಿನೂ ಸೂಲಗಿತ್ತಿ ಇದ್ಲು, ಹಜರಾಬಿ ಅಂತ,” ಎಂದಳು. “ಅಳೂತನಾ ಆಕಿನೂ ಕೂಸನ್ನ ಯಾರ ಕೈಗೂ ಕೊಡ್ತಿರಲಿಲ್ಲ. ಹಿಡಕೊಂಡ ಇರ್ರಿ, ನಾ ಹಚ್ತೇನಿ.”

ಟವೆಲ್ಲು ಸರಿಸಿ, ಬೊಂಬೆಯ ಬದಿಯಲ್ಲಿ ಸಣ್ಣ ನಳಿಕೆ ಸಿಕ್ಕಿಸಿ, ಗುಂಡು ಒತ್ತಿದಳು. ಸದ್ದು ಬರಲಿಲ್ಲ. ಮತ್ತೆ ಒತ್ತಿದಳು. ಗಾಳಿ ಮಾತ್ರ ಸುಯ್ ಎಂದಿತು.

“ಎಣ್ಣಿ ಹಚ್ಚಿದ್ರೇನ್ರಿ ಇದಕ್ಕ? ತೂತು ಮುಚ್ಚೇತಿ.”

“ಒತ್ತು,” ಎಂದಳು ಶಿವವ್ವ. “ಬಿಡಬ್ಯಾಡ. ಒತ್ತು.”

ಶಬನಮ್ ಸೀರೆಯ ತುದಿಯಿಂದ ತೂತು ಒರೆಸಿ ಒತ್ತಿದಳು. ಒತ್ತಿದಳು. ಆಗ ಅದು ಅತ್ತಿತು. ಸಣ್ಣ, ಹರಿದ, ಉಸಿರು ಸಾಲದ ದನಿ. ರಬ್ಬರಿನಿಂದ ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕಿಸಕ್ಕೆಂದಿದ್ದ ಹುಡುಗಿ ತನ್ನ ಬೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು ಹಿಂದೆ ಸರಿದಳು.

ಶಿವವ್ವ ತೋಳು ಸಡಿಲಿಸಿದಳು. ತಾನೇ ಬಗ್ಗಿ ಅದನ್ನು ಸಾಲಿನ ಖಾಲಿ ಜಾಗದಲ್ಲಿ ಮಲಗಿಸಿದಳು. ಸುಮಿತಾಳ ಹೆಸರ ಮುಂದೆ ಶಬನಮ್ ಬರೆದುಕೊಂಡದ್ದನ್ನು ಕಣ್ಣಾರೆ ನೋಡಿ, ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಳು. ತೋಳಲ್ಲಿ ತೂಕ ಇನ್ನೂ ಇದ್ದ ಹಾಗೇ ಇತ್ತು.

ಫೋನು ಅಲ್ಲಿಗೇ ಬಂತು.

“ಅತ್ತಿ, ಹೆಣ್ಣು ಕೂಸು,” ಎಂದಳು ಸುಮಿತಾ. ದನಿ ಬಿದ್ದುಹೋಗಿತ್ತು. “ಆಪರೇಷನ್ ಮಾಡಿ ತಗದ್ರು. ಶಾಂತಾ ಆರಾಮ ಅದಾಳ.”

“ಕೂಸು?”

“ಹುಟ್ಟಿದ ಕೂಡ್ಲೆ ಅಳಲಿಲ್ಲರಿ. ನಾ ಗಾಜಿನಾಗಿಂದ ನೋಡಾಕತ್ತಿದ್ದೆ. ಮಾಸ್ಕು ಹಿಡದು ಉಸಿರು ಹಾಕಿದ್ರು, ಹಾಕಿದ್ರು. ಎದಿ ಏಳತಿತ್ತು, ತಾನ ಎಳಕೊಳ್ಳವಲ್ದು. ನನ್ನ ಕೈ ಗಾಜಿನ ಮ್ಯಾಲೆ ತಾವ ಹಿಚಕಾಕತ್ತಿದ್ವು. ಆಮ್ಯಾಲೆ ಒಮ್ಮೆಲೆ ಅತ್ತಿತು ನೋಡ್ರಿ. ಈಗ ಬೆಚ್ಚಗ ಮಲಗಸ್ಯಾರ.”

ಎಷ್ಟೊತ್ತಿಗೆ ಅತ್ತಿತು ಎಂದು ಕೇಳಲು ಶಿವವ್ವ ಬಾಯಿ ತೆರೆದಳು. ಎದುರಿಗೆ ಹಳಿಯಾಳದ ಬಸ್ಸು ಬಂದು ನಿಂತಿತು, ಜನ ಇಳಿದರು, ಹತ್ತಿದರು. ಅವಳು ಕೇಳಲಿಲ್ಲ.

“ಬೊಂಬಿ ಒಪ್ಪಿಸಿ ಬಂದೇನಿ,” ಎಂದಳು. “ನಿನ್ನ ಪರೀಕ್ಷಿ ಜೋಯಿಡಾದಾಗ ಐತಂತ. ಹೆಸರು ಬರಕೊಂಡಾರ, ನಾ ನೋಡೇನಿ.”

“ನಮ್ಮ ಸುದ್ದಿ ಬರೂಕಿಂತ ಮುಂಚೇನ ಹೊಸ್ತಿಲಾ ದಾಟಿಸಿದ್ರಾ, ಅತ್ತಿ?”

“ಹ್ಞೂಂ.”

“ಮನಸ್ಸು ಹೆಂಗ ಬಂತ್ರಿ ಬಿಟ್ಟು ಬರಾಕ?”

“ಅಳೂತನಾ ಕೈ ಬಿಡಲಿಲ್ಲವಾ,” ಎಂದಳು ಶಿವವ್ವ. “ಅತ್ತ ಮ್ಯಾಲೆ ಬಿಟ್ಟು ಬಂದೆ.”